ಇಬ್ಬರು ಪ್ರಧಾನಿಗಳ ಸೋಲು

ಆಸ್ಟ್ರೇಲಿಯ ದೇಶದ ರಾಜಕೀಯ ಚರಿತ್ರೆಯಲ್ಲಿ ಒಂದು ವಿಲಕ್ಷಣವಾದ ಸಂಗತಿ ಉಂಟು. 1901ನೆಯ ಇಸವಿಯಲ್ಲಿ ಅಲ್ಲಿನ ಆರು ವಸಾಹತುಗಳು ಒಂದಾಗಿ ಒಕ್ಕೂಟವಾದಂದಿನಿಂದ ಎಷ್ಟೋ ಮಂದಿ ಪ್ರಧಾನಮಂತ್ರಿಗಳು ಚುನಾವಣೆಯಲ್ಲಿ ಸೋತು ಅಧಿಕಾರವನ್ನು ಬಿಟ್ಟುಕೊಟ್ಟಿದ್ದಾರೆ. ಪ್ರಜಾಪ್ರಭುತ್ವದಲ್ಲಿ ಅದು ನಿತ್ಯದ ಮಾತು. ಆದರೆ ಪ್ರಧಾನಿಯ ಪದವಿಯಲ್ಲಿ ಇದ್ದುಕೊಂಡೇ ತಮ್ಮ ಸ್ವಂತ ಕ್ಷೇತ್ರದ ಮತದಾರರಿಂದಲೂ ತಿರಸ್ಕೃತರಾಗಿ, ಪಾರ್ಲಿಮೆಂಟಿನಿಂದಲೇ ಹೊರಬಿದ್ದವರು ಇಬ್ಬರೇ. ಒಬ್ಬರು 1929ರಲ್ಲಿ ಸೋತ ಸ್ಟ್ಯಾನ್ಲಿ ಬ್ರೂಸ್ ಮಹಾಶಯರು. ಇನ್ನೊಬ್ಬರು 2007ರಲ್ಲಿ ಸೋತ ಜಾನ್ ಹೊವಾರ್ಡ್ ಮಹಾಶಯರು. ಇಬ್ಬರ ನಡುವೆ 78 ವರ್ಷಗಳ ಅಂತರವಿದೆ. ಆದರೂ ಇಬ್ಬರೂ ಕೈಯಿಟ್ಟದ್ದು ಒಂದೇ ಕಡೆಗೆ: ದುಡಿಯುವವನಿಗೂ ದುಡಿಸಿಕೊಳ್ಳುವವನಿಗೂ ಇರುವ ಸಂಬಂಧವನ್ನು ಕಟ್ಟಿಟ್ಟಿದ್ದ ಕಾನೂನಿಗೆ. ಇದು ಬರಿಯ ಕಾಕತಾಳೀಯವೋ, ಅಲ್ಲ ಒಳಗೊಂದು ಕಾರಣವಿದೆಯೋ ಎಂಬುದನ್ನು ಶ್ರೋತೃಗಳೊಡನೆ ಕೊಂಚ ವಿಚಾರಮಾಡಬೇಕೆಂದು ನನ್ನ ಅಪೇಕ್ಷೆ.

ಇದಕ್ಕೆ ಸ್ವಲ್ಪ ಹಿಂದಿನಿಂದ ಬರಬೇಕು. 1890ರಲ್ಲಿ ಬಂದರುಗಳ ಮತ್ತು ಹಡಗುಗಳ ಕೆಲಸಗಾರರು ಆಸ್ಟ್ರೇಲಿಯದಲ್ಲಿ ಒಂದು ದೊಡ್ಡ ಮುಷ್ಕರವನ್ನು ಹೂಡಿದರು. ಮರುವರ್ಷವೇ ಕುರಿಗಳ ಉಣ್ಣೆಯನ್ನು ಕತ್ತರಿಸುವವರ ಮುಷ್ಕರ ನಡೆಯಿತು. ಎರಡರಲ್ಲಿಯೂ ಕೆಲಸಗಾರರೇ ಸೋತರು. ಆ ಸೋಲಿನಿಂದ ಅವರು ಎರಡು ಪಾಠಗಳನ್ನು ಕಲಿತರೆನ್ನಬಹುದು. ಬೀದಿಯಲ್ಲಿ ಗೆಲ್ಲಲಾರದ್ದನ್ನು ಶಾಸನಸಭೆಯಲ್ಲಿ ಗೆಲ್ಲಬೇಕೆಂದು ಅವರು ತಮ್ಮದೇ ಪಕ್ಷವನ್ನು ಕಟ್ಟಿದರು. ಅದೇ ಲೇಬರ್ ಪಕ್ಷ. ಎರಡನೆಯದಾಗಿ, ಧಣಿಗೂ ಆಳಿಗೂ ನೇರವಾಗಿ ಕುಸ್ತಿ ಬಿದ್ದರೆ ಆಳೇ ಕೆಳಗೆ ಬೀಳುವನಾದ್ದರಿಂದ, ನಡುವೆ ಒಬ್ಬ ನ್ಯಾಯಾಧಿಪತಿ ಇರಬೇಕೆಂಬ ಅಭಿಪ್ರಾಯ ಬಲವಾಯಿತು. ಇದು ಕೆಲಸಗಾರರದು ಮಾತ್ರವಲ್ಲ. ಮುಷ್ಕರಗಳಿಂದ ಬೇಸತ್ತಿದ್ದ ಮಧ್ಯಮವರ್ಗದ ಉದಾರ ಮನೋಭಾವದವರೂ ಇದನ್ನು ಒಪ್ಪಿದರು. 1904ರಲ್ಲಿ ಸಂಧಾನ ಮತ್ತು ಪಂಚಾಯಿತಿಯ ಶಾಸನವು ಜಾರಿಗೆ ಬಂದು, ಕೈಗಾರಿಕೆಯ ವ್ಯಾಜ್ಯಗಳನ್ನು ತೀರ್ಮಾನಿಸಲು ಒಂದು ವಿಶೇಷ ನ್ಯಾಯಸ್ಥಾನ ಏರ್ಪಟ್ಟಿತು.

ಆ ನ್ಯಾಯಸ್ಥಾನದ ಅಧ್ಯಕ್ಷರಾಗಿದ್ದ ಹಿಗಿನ್ಸ್ ಎಂಬ ನ್ಯಾಯಮೂರ್ತಿಗಳ ಮುಂದೆ 1907ರಲ್ಲಿ ಒಂದು ಪ್ರಕರಣ ಬಂದಿತು. ಮೆಲ್ಬರ್ನ್ ನಗರದ ಬಳಿ ಸನ್‌ಷೈನ್ ಎಂಬಲ್ಲಿ ಕೊಯ್ಲಿನ ಯಂತ್ರಗಳನ್ನು ಮಾಡುವ ದೊಡ್ಡ ಕಾರ್ಖಾನೆ ಇದ್ದಿತು. ಕೆಲಸಗಾರರಿಗೆ ‘ನ್ಯಾಯವಾದ ಹಾಗೂ ಯುಕ್ತವಾದ’ ಕೂಲಿಯನ್ನು ಕೊಡುವ ಕಾರ್ಖಾನೆಗಳಿಗೆ ಒಂದು ಸುಂಕವನ್ನು ಮಾಫಿ ಮಾಡುವುದಾಗಿ ಕಾನೂನು ಹೇಳಿದ್ದಿತು. ಆದರೆ ನ್ಯಾಯವಾದ ಕೂಲಿ ಎಂದರೆ ಎಷ್ಟು? ಕಾನೂನು ಅದನ್ನು ಹೇಳಿರಲಿಲ್ಲ. ಹಿಗಿನ್ಸರು ಕಾರ್ಖಾನೆಯ ಲಾಭವೆಷ್ಟೆಂದು ಕೇಳಲಿಲ್ಲ; ಪೇಟೆಯಲ್ಲಿ ಕೂಲಿಯ ದರವೆಷ್ಟೆಂದೂ ಕೇಳಲಿಲ್ಲ. ಕೆಲಸಗಾರರ ಹೆಂಡಿರನ್ನು ಸಾಕ್ಷಿಗೆ ಕರೆಸಿ, ಮನೆಯ ಬಾಡಿಗೆಗೆ ಎಷ್ಟು, ರೊಟ್ಟಿಗೆ ಎಷ್ಟು, ಮಾಂಸಕ್ಕೆ ಎಷ್ಟು, ಸೌದೆಗೆ ಎಷ್ಟು ಎಂದು ವಿಚಾರಿಸಿದರು. ಗಂಡ, ಹೆಂಡತಿ, ಮೂವರು ಮಕ್ಕಳು, ಹೀಗೆ ಐವರ ಸಂಸಾರವು ನಾಗರಿಕ ಸಮಾಜದಲ್ಲಿ ಮನುಷ್ಯರಂತೆ ಮಿತವಾದ ಸುಖದಿಂದ ಬಾಳಲು ದಿನಕ್ಕೆ 7 ಷಿಲ್ಲಿಂಗಾದರೂ ಬೇಕೆಂದು ತೀರ್ಪುಕೊಟ್ಟರು. ಮರುವರ್ಷ ಆ ಸುಂಕದ ಕಾನೂನೇ ಅಸಿಂಧುವೆಂದು ಉಚ್ಚ ನ್ಯಾಯಾಲಯವು ತೀರ್ಮಾನಿಸಿತು. ಆದರೆ ಕಾನೂನು ಬಿದ್ದುಹೋದರೂ ಆ ಅಳತೆಗೋಲು ಬಿದ್ದುಹೋಗಲಿಲ್ಲ. ಮುಂದೆ ಹಲವು ದಶಕಗಳ ಕಾಲ ಕೂಲಿಯ ನಿರ್ಣಯಕ್ಕೆ ಅದೇ ತಳಹದಿಯಾಯಿತು.

ನ್ಯಾಯಾಸನದ ಮುಂದೆ ನಿಂತು ರೊಟ್ಟಿಯ ಬೆಲೆಯನ್ನು ಹೇಳಿದ ಆ ಹೆಂಗಸರನ್ನು ಶ್ರೋತೃಗಳು ನೆನಪಿನಲ್ಲಿ ಇಟ್ಟುಕೊಂಡಿರಬೇಕು. ಅವರ ಪಾಲಿಗೆ ಬಂದ ನ್ಯಾಯ ಪೂರ್ಣವಾದುದೇನೂ ಅಲ್ಲ. ಕೂಲಿಗೆ ಹೋಗುವ ಹೆಂಗಸಿಗೆ ಗಂಡಸಿನ ಕೂಲಿಯಲ್ಲಿ ಅರ್ಧಕ್ಕಿಂತ ಕೊಂಚ ಹೆಚ್ಚು ಮಾತ್ರ ಸಲ್ಲತಕ್ಕದ್ದೆಂಬ ಏರ್ಪಾಡು ಬಹುಕಾಲ ನಡೆಯಿತು. ಆದರೆ ಒಂದು ವಿಷಯ ಮಾತ್ರ ಅಲ್ಲಿನ ಜನರ ಮನಸ್ಸಿನಲ್ಲಿ ಬೇರುಬಿಟ್ಟಿತು. ಕೂಲಿಯೆಂಬುದು ತರಕಾರಿಯ ಬೆಲೆಯಂತೆ ಬೆಳಗ್ಗೆ ಒಂದು ಸಂಜೆ ಒಂದು ಆಗತಕ್ಕದ್ದಲ್ಲ. ಅದಕ್ಕೊಂದು ನೆಲಗಟ್ಟು ಉಂಟು. ಆ ನೆಲಗಟ್ಟನ್ನು ಕಾಯಲು ಒಬ್ಬ ಮಧ್ಯಸ್ಥನು ಉಂಟು. ಭಾನುವಾರದ ಕೆಲಸಕ್ಕೆ, ರಾತ್ರಿಯ ಕೆಲಸಕ್ಕೆ, ಹಬ್ಬದ ದಿನದ ಕೆಲಸಕ್ಕೆ ಮೇಲುಕೂಲಿ ಸಲ್ಲಬೇಕು. ಇವೆಲ್ಲವೂ ಆ ನ್ಯಾಯಸ್ಥಾನದ ‘ಅವಾರ್ಡು’ಗಳೆಂಬ ನಿರ್ಣಯಪತ್ರಗಳಲ್ಲಿ ಬರೆದಿಡಲ್ಪಟ್ಟುವು. ಕಾನೂನು ಹಳೆಯದಾದಂತೆಲ್ಲ ವಾಡಿಕೆಯಾಗುತ್ತದೆ. ಅದು ತಮಗೆ ಯಾರೋ ಕೊಟ್ಟದ್ದೆಂಬುದನ್ನು ಜನ ಮರೆತು, ಹುಟ್ಟಿನಿಂದ ಬಂದ ಹಕ್ಕೆಂದು ಭಾವಿಸುತ್ತಾರೆ.

ಬ್ರೂಸ್ ಮಹಾಶಯರು 1923ರಲ್ಲಿ ಪ್ರಧಾನಿಗಳಾದರು. ಅವರು ಮೆಲ್ಬರ್ನಿನ ಶ್ರೀಮಂತ ವರ್ತಕ ಮನೆತನದವರು, ಕೇಂಬ್ರಿಡ್ಜಿನಲ್ಲಿ ಓದಿದವರು. ಮುಷ್ಕರಗಳನ್ನು ಅಡಗಿಸಲು ಅವರು 1928ರಲ್ಲಿ ಪಂಚಾಯಿತಿಯ ಶಾಸನಕ್ಕೆ ಕಠಿಣವಾದ ದಂಡನೆಗಳನ್ನು ಸೇರಿಸಿದರು. ದಂಡ ಬಿದ್ದದ್ದು ಬಹುಮಟ್ಟಿಗೆ ಸಂಘಗಳ ಮುಖಂಡರ ಮೇಲೆ. 1929ರಲ್ಲಿ ನ್ಯೂ ಸೌತ್ ವೇಲ್ಸ್ ಪ್ರಾಂತದ ಕಲ್ಲಿದ್ದಲ ಗಣಿಗಳ ಧಣಿಗಳು ಗಣಿಗಳಿಗೆ ಬೀಗ ಜಡಿದು ಸಾವಿರಾರು ಮಂದಿಯನ್ನು ಹೊರಗೆ ನಿಲ್ಲಿಸಿದಾಗ, ಅವರಲ್ಲಿ ಪ್ರಮುಖನೊಬ್ಬನ ಮೇಲೆ ಹೂಡಿದ್ದ ಮೊಕದ್ದಮೆಯನ್ನು ಸರ್ಕಾರವೇ ಹಿಂತೆಗೆದುಕೊಂಡಿತು. ಬಡವನಿಗೊಂದು ಕಾನೂನು, ಬಲ್ಲಿದನಿಗೊಂದು ಕಾನೂನು ಎಂಬ ಮಾತು ಹುಟ್ಟಲು ಇದಕ್ಕಿಂತ ಹೆಚ್ಚಿನದು ಬೇಕಾಗಿರಲಿಲ್ಲ. ಇದಾದ ಮೇಲೆ ಬ್ರೂಸರು ಒಂದು ಮಸೂದೆಯನ್ನು ತಂದು, ಹಡಗಿನ ಕೆಲಸವೊಂದನ್ನು ಬಿಟ್ಟು ಮಿಕ್ಕ ಕೈಗಾರಿಕೆಗಳಿಂದ ಒಕ್ಕೂಟದ ಪಂಚಾಯಿತಿಯನ್ನು ತೆಗೆದುಬಿಡಲು ಹೊರಟರು. ಸ್ವಂತ ಪಕ್ಷದವರೇ ಆದ, ಹಿಂದೆ ತಾವೂ ಪ್ರಧಾನಿಗಳಾಗಿದ್ದ ಬಿಲ್ಲಿ ಹ್ಯೂಸ್ ಎಂಬುವರು ಎದ್ದುನಿಂತು, ಜನಾಭಿಪ್ರಾಯವನ್ನು ಪಡೆಯದೆ ಈ ಕಾನೂನು ಜಾರಿಗೆ ಬರತಕ್ಕದ್ದಲ್ಲ ಎಂಬ ತಿದ್ದುಪಡಿಯನ್ನು ಸೂಚಿಸಿದರು. ಅದು ಒಂದೇ ಒಂದು ಮತದ ಅಂತರದಿಂದ ಅಂಗೀಕಾರವಾಯಿತು. ಬ್ರೂಸರು ಸಭೆಯನ್ನು ವಿಸರ್ಜಿಸಿ ಚುನಾವಣೆಗೆ ಹೋದರು. ಆಯವ್ಯಯದಲ್ಲಿ ಸೂಚಿಸಿದ್ದ ವಿನೋದ ತೆರಿಗೆಗಾಗಿ ಸಿನಿಮಾ ಮಂದಿರಗಳವರೂ ಅವರ ಮೇಲೆ ಮುನಿದಿದ್ದರೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅಕ್ಟೋಬರ್ 12ರಂದು ನಡೆದ ಚುನಾವಣೆಯಲ್ಲಿ 75 ಸ್ಥಾನಗಳ ಸಭೆಯಲ್ಲಿ 46 ಲೇಬರ್ ಪಕ್ಷಕ್ಕೆ ಹೋದುವು. ಫ್ಲಿಂಡರ್ಸ್ ಕ್ಷೇತ್ರದಲ್ಲಿ ಬ್ರೂಸರನ್ನು ಸೋಲಿಸಿದ ಹಾಲೊವೇ ಎಂಬಾತನು ಮೆಲ್ಬರ್ನಿನ ಕಾರ್ಮಿಕ ಸಂಘಗಳ ಮುಖಂಡ; ಮರದ ಕೆಲಸಗಾರರ ಮುಷ್ಕರದ ಸಂಬಂಧದಲ್ಲಿ ಬ್ರೂಸರ ಕಾನೂನಿನಿಂದಲೇ ದಂಡ ತೆತ್ತಿದ್ದವನು.

ಇಷ್ಟಾದ ಮೇಲೆ ಎಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಯಾವ ಪಕ್ಷದ ಸರ್ಕಾರವೂ ಆ ನೆಲಗಟ್ಟನ್ನು ಬುಡಸಹಿತ ಕೀಳಲು ಹೋಗಲಿಲ್ಲ. ಅಲ್ಲಲ್ಲಿ ಕೆತ್ತಿದರು, ತೇಪೆ ಹಾಕಿದರು, ಅಷ್ಟೆ.

ಹೊವಾರ್ಡ್ ಮಹಾಶಯರು 1996ರಲ್ಲಿ ಅಧಿಕಾರಕ್ಕೆ ಬಂದರು. ಬ್ರೂಸರಂತೆ ಶ್ರೀಮಂತರ ಮನೆಯಲ್ಲಿ ಹುಟ್ಟಿದವರಲ್ಲ. ಅವರ ತಂದೆ ಸಿಡ್ನಿಯಲ್ಲಿ ಪೆಟ್ರೋಲ್ ಅಂಗಡಿಯನ್ನು ಇಟ್ಟುಕೊಂಡಿದ್ದರು. ನಗರದ ಅಂಚಿನಲ್ಲಿ ಸಾಲಮಾಡಿ ಮನೆ ಕಟ್ಟಿಕೊಂಡು ದುಡಿದು ಬಾಳುವ ಜನರ ಮನಸ್ಸನ್ನು ಅವರು ಚೆನ್ನಾಗಿ ಬಲ್ಲವರಾಗಿದ್ದರು. ಹಿಂದೆ ಲೇಬರ್ ಪಕ್ಷಕ್ಕೆ ಮತ ಹಾಕುತ್ತಿದ್ದ ಅಂಥವರು ಅನೇಕರು ಇವರ ಕಡೆಗೆ ತಿರುಗಿದರು. ಅವರಿಗೆ ‘ಹೊವಾರ್ಡರ ಕಷ್ಟಜೀವಿಗಳು’ ಎಂಬರ್ಥದ ಹೆಸರೇ ಪತ್ರಿಕೆಗಳಲ್ಲಿ ಬಳಕೆಗೆ ಬಂದಿತು. ಕೆಲಸಗಾರನು ಸಂಘದ ಮೂಲಕವಲ್ಲದೆ ಧಣಿಯೊಡನೆ ತಾನೇ ಕರಾರು ಮಾಡಿಕೊಳ್ಳಬೇಕೆಂಬುದು ಹೊವಾರ್ಡರ ಬಹುಕಾಲದ ನಂಬಿಕೆ. 1996ರ ಶಾಸನದಲ್ಲಿಯೇ ಅಂಥ ಒಂಟಿ ಕರಾರುಗಳಿಗೆ ಅವಕಾಶ ದೊರೆಯಿತು. ಆದರೆ ಸೆನೆಟ್ ಎಂಬ ಮೇಲ್ಮನೆಯಲ್ಲಿ ಅವರಿಗೆ ಬಹುಮತವಿರಲಿಲ್ಲವಾಗಿ, ಒಟ್ಟಿನಲ್ಲಿ ಅವಾರ್ಡಿಗಿಂತ ಕೆಲಸಗಾರನಿಗೆ ನಷ್ಟವಾಗಕೂಡದೆಂಬ ಪರೀಕ್ಷೆಗೆ ಪ್ರತಿಯೊಂದು ಕರಾರೂ ಒಳಪಡಬೇಕಾಗಿದ್ದಿತು. ಎದುರಾಳಿಗಳು ಹಾಕಿದ ಆ ಕಡಿವಾಣವೇ ಅವರನ್ನು ಬಹುಕಾಲ ಕಾಪಾಡಿತೆಂದು ನನ್ನ ಅಭಿಪ್ರಾಯ.

2004ರ ಅಕ್ಟೋಬರಿನಲ್ಲಿ ಅವರು ನಾಲ್ಕನೆಯ ಸಲ ಗೆದ್ದರು. ಈ ಸಲ 76 ಮಂದಿಯ ಸೆನೆಟ್ಟಿನಲ್ಲಿಯೂ 39 ಸ್ಥಾನಗಳು ಅವರ ಕೂಟಕ್ಕೆ ದೊರೆತುವು. ತಡೆಯುವವರು ಯಾರೂ ಉಳಿಯಲಿಲ್ಲ. ಮರುವರ್ಷ ನವೆಂಬರಿನಲ್ಲಿ 687 ಪುಟಗಳ ಒಂದು ಮಸೂದೆ ಸಭೆಯ ಮುಂದೆ ಬಂದಿತು. ಅದರ ಹೆಸರು ‘ವರ್ಕ್ ಚಾಯ್ಸಸ್’, ಎಂದರೆ ಕೆಲಸದ ಆಯ್ಕೆಗಳು. ಡಿಸೆಂಬರಿನಲ್ಲಿ ಅಂಗೀಕಾರವಾಗಿ 2006ನೆಯ ಮಾರ್ಚಿ 27ರಿಂದ ಜಾರಿಗೆ ಬಂದಿತು. ಇಂಥದೊಂದು ಕಾನೂನು ಬರುವುದೆಂದು 2004ರ ಚುನಾವಣೆಯಲ್ಲಿ ಯಾವ ಮತದಾರನಿಗೂ ಯಾರೂ ತಿಳಿಸಿರಲಿಲ್ಲ.

ಕಾನೂನಿನ ತಿರುಳನ್ನು ಸರಳವಾಗಿ ಹೇಳುತ್ತೇನೆ. 100 ಮಂದಿಯವರೆಗೆ ಕೆಲಸಗಾರರಿರುವ ಸಂಸ್ಥೆಯಲ್ಲಿ ಒಬ್ಬನನ್ನು ಅನ್ಯಾಯವಾಗಿ ತೆಗೆದುಹಾಕಿದರೂ ಆ ಕಾರಣದಿಂದ ಅವನು ದೂರು ಕೊಡುವಂತಿಲ್ಲ. ಅದಕ್ಕಿಂತ ದೊಡ್ಡ ಸಂಸ್ಥೆಗಳಲ್ಲಿಯೂ ‘ವ್ಯವಹಾರದ ಕಾರಣ’ದಿಂದ ತೆಗೆದರೆ ದೂರಿಲ್ಲ. ನಷ್ಟವಾಗಕೂಡದೆಂಬ ಹಳೆಯ ಪರೀಕ್ಷೆ ರದ್ದು. ಕನಿಷ್ಠ ಕೂಲಿ, ವಾರಕ್ಕೆ 38 ಗಂಟೆಗಳ ಸಾಮಾನ್ಯ ಕೆಲಸ, ವಾರ್ಷಿಕ ರಜೆ, ಕಾಯಿಲೆ ಮೊದಲಾದ ಸ್ವಂತ ಕಾರಣಗಳ ರಜೆ, ಹೆರಿಗೆ ಮತ್ತು ಶಿಶುಪಾಲನೆಯ ರಜೆ, ಈ ಐದನ್ನು ಮಾತ್ರ ಮುಟ್ಟುವಂತಿಲ್ಲ. ಮೇಲುಕೂಲಿ, ಹಬ್ಬದ ಕೂಲಿ, ಪಾಳಿಯ ಭತ್ಯ ಮುಂತಾದುವನ್ನೆಲ್ಲ ಕರಾರಿನಲ್ಲಿ ಒಂದು ಸಾಲು ಬರೆದು ತೆಗೆಯಬಹುದು. ರುಜು ಹಾಕುವುದೂ ಬಿಡುವುದೂ ಕೆಲಸಗಾರನ ಆಯ್ಕೆ! ಆದರೆ ಹೊಸದಾಗಿ ಕೆಲಸಕ್ಕೆ ಬರುವವನು ರುಜು ಹಾಕದಿದ್ದರೆ ಅವನಿಗೆ ಕೆಲಸವನ್ನೇ ಕೊಡದಿರುವುದು ಧಣಿಯ ಆಯ್ಕೆ.

ಸರ್ಕಾರದ ವಾದದಲ್ಲಿ ಹುರುಳಿರಲಿಲ್ಲವೆಂದು ಹೇಳಲಾಗದು. ದೇಶಕ್ಕೊಂದು, ಪ್ರಾಂತಕ್ಕೊಂದು ಎಂದು ಕಾನೂನುಗಳು ಒಂದರ ಮೇಲೊಂದು ಬಿದ್ದು ವ್ಯಾಪಾರಿಗಳಿಗೆ ತೊಡಕಾಗಿದ್ದುದು ನಿಜ. ಕೆಲಸದಿಂದ ತೆಗೆಯುವುದು ಕಷ್ಟವಾದರೆ ಸಣ್ಣ ಅಂಗಡಿಯವನು ಕೆಲಸಕ್ಕೆ ಸೇರಿಸಿಕೊಳ್ಳಲೂ ಹಿಂಜರಿಯುತ್ತಾನೆಂಬುದೂ ತಳ್ಳಿಹಾಕತಕ್ಕ ಮಾತಲ್ಲ. ಪ್ರಾಂತಗಳ ಸರ್ಕಾರಗಳು ಕಾನೂನನ್ನು ಉಚ್ಚ ನ್ಯಾಯಾಲಯಕ್ಕೆ ಒಯ್ದಾಗ ಐದು ಮಂದಿ ನ್ಯಾಯಮೂರ್ತಿಗಳು ಸಿಂಧುವೆಂದೂ ಇಬ್ಬರು ಅಲ್ಲವೆಂದೂ ಹೇಳಿ, ಬಹುಮತದಿಂದ ಅದು ನಿಂತಿತು. ನಿರುದ್ಯೋಗವೂ ಹಲವು ದಶಕಗಳಲ್ಲಿ ಕಾಣದಷ್ಟು ಇಳಿಯಿತು. ಲೆಕ್ಕದ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿಯೇ ಇದ್ದಿತು.

ಆದರೆ ಕಾನೂನು ಜಾರಿಗೆ ಬಂದು ಕೆಲವೇ ದಿನಗಳಾಗಿದ್ದುವು. ಕೌರಾ ಎಂಬ ಸಣ್ಣ ಊರಿನ ಕಸಾಯಿಖಾನೆಯೊಂದರಲ್ಲಿ 29 ಮಂದಿಗೆ ಕೆಲಸದಿಂದ ತೆಗೆಯುವ ನೋಟೀಸು ಬಂದಿತು. ಅವರಲ್ಲಿ 20 ಮಂದಿಯನ್ನು ಕಡಿಮೆ ಕೂಲಿಗೆ ಮತ್ತೆ ಸೇರಿಸಿಕೊಳ್ಳುವುದಾಗಿ ಅದರ ಜೊತೆಯಲ್ಲಿಯೇ ಹೇಳಿಕೆಯಾಯಿತು. ಗದ್ದಲವೆದ್ದು ನೋಟೀಸು ಹಿಂದಕ್ಕೆ ಹೋಯಿತು. ಆದರೆ ವಿಚಾರಣೆ ನಡೆಸಿದ ಸರ್ಕಾರದ ಕಚೇರಿಯು ಅದರಲ್ಲಿ ಕಾನೂನಿಗೆ ವಿರುದ್ಧವಾದುದು ಏನೂ ಇಲ್ಲವೆಂದು ಆಮೇಲೆ ತಿಳಿಸಿತು. ಜನರಿಗೆ ಭಯ ಹುಟ್ಟಿಸಿದ್ದು ನೋಟೀಸಿಗಿಂತ ಈ ಉತ್ತರವೇ ಎಂದು ತೋರುತ್ತದೆ.

ಎರಡನೆಯ ಸಂಗತಿ ಇನ್ನೂ ಚಿಕ್ಕದು. ಸಮುದ್ರತೀರದ ಕಾಫ್ಸ್ ಹಾರ್ಬರ್ ಎಂಬ ಊರಿನಲ್ಲಿ, ಬಟ್ಟೆ ಮತ್ತು ಹೊಲಿಗೆಯ ಸಾಮಾನುಗಳನ್ನು ಮಾರುವ ದೊಡ್ಡ ಅಂಗಡಿಯೊಂದರಲ್ಲಿ ಕೆಲಸಮಾಡುತ್ತಿದ್ದ ಹೆಂಗಸಿನ ಮುಂದೆ ಹೊಸ ಕರಾರುಪತ್ರ ಬಂದಿತು. ಮೇಲುಕೂಲಿ ಇಲ್ಲ, ಹೆಚ್ಚಿನ ಗಂಟೆಗಳ ಕೂಲಿ ಇಲ್ಲ, ನಡುವೆ ಕೊಡುತ್ತಿದ್ದ ವಿರಾಮವೂ ಖಚಿತವಿಲ್ಲ. ಇವೆಲ್ಲವನ್ನು ಬಿಟ್ಟುಕೊಟ್ಟದ್ದಕ್ಕೆ ಪ್ರತಿಫಲವಾಗಿ ಗಂಟೆಯ ಕೂಲಿ 14 ಡಾಲರು 28 ಸೆಂಟಿನಿಂದ 14 ಡಾಲರು 30 ಸೆಂಟಿಗೆ ಏರುವುದು. ಗಂಟೆಗೆ ಎರಡು ಸೆಂಟು! ಪಾರ್ಲಿಮೆಂಟಿನಲ್ಲಿ ಈ ಮಾತು ಬಂದಾಗ ಮಂತ್ರಿಗಳು ಬೇಕಾದಷ್ಟು ಸಮಾಧಾನ ಹೇಳಿದರು. ಆದರೆ 687 ಪುಟಗಳನ್ನು ಓದಲಾರದ ಜನರಿಗೆ ಈ ಎರಡು ಸೆಂಟು ಚೆನ್ನಾಗಿ ಅರ್ಥವಾಯಿತು. ಒಂದು ನೂರು ವರ್ಷಗಳ ಹಿಂದೆ ಹಿಗಿನ್ಸರ ಮುಂದೆ ರೊಟ್ಟಿಯ ಬೆಲೆಯನ್ನು ಹೇಳಿದ್ದವರೂ ಇಂಥ ಹೆಂಗಸರೇ ಅಲ್ಲವೇ? ಅದೇ ಮೇ ತಿಂಗಳಲ್ಲಿ, ನೋಂದಾಯಿತವಾದ ಕರಾರುಗಳಲ್ಲಿ 250ನ್ನು ತೆಗೆದು ನೋಡಿದ ಸರ್ಕಾರದ ಅಧಿಕಾರಿಗಳೇ ಸೆನೆಟ್ಟಿನ ಸಮಿತಿಯ ಮುಂದೆ ಲೆಕ್ಕ ಒಪ್ಪಿಸಿದರು. ಪ್ರತಿಯೊಂದು ಕರಾರಿನಲ್ಲಿಯೂ ಅವಾರ್ಡಿನ ಸೌಲಭ್ಯಗಳಲ್ಲಿ ಒಂದಾದರೂ ಹೋಗಿದ್ದಿತು. ಶೇಕಡ 16ರಲ್ಲಿ ಅವೆಲ್ಲವೂ ಹೋಗಿದ್ದುವು.

ಕಾರ್ಮಿಕ ಸಂಘಗಳ ಮಹಾಮಂಡಲವು ‘ಕೆಲಸದಲ್ಲಿ ನಿಮ್ಮ ಹಕ್ಕುಗಳು’ ಎಂಬ ಹೆಸರಿನ ಪ್ರಚಾರವನ್ನು ಕೈಗೊಂಡಿತು. ಆ ಹೊತ್ತಿಗೆ ಆಸ್ಟ್ರೇಲಿಯದ ಕೆಲಸಗಾರರಲ್ಲಿ ಸಂಘಗಳ ಸದಸ್ಯರಾಗಿದ್ದವರು ಐವರಲ್ಲಿ ಒಬ್ಬನಷ್ಟೇ. ಆದ್ದರಿಂದ ಅವರು ಸಂಘದ ಮಾತನ್ನು ಆಡಲಿಲ್ಲ. ಸಂಸಾರದ ಮಾತನ್ನು ಆಡಿದರು. ದೂರದರ್ಶನದಲ್ಲಿ ಅವರು ತೋರಿಸಿದ ಒಂದು ಜಾಹೀರಾತಿನಲ್ಲಿ ಧಣಿಯು ತಾಯಿಯೊಬ್ಬಳಿಗೆ ಟೆಲಿಫೋನು ಮಾಡಿ, ಕೂಡಲೆ ಕೆಲಸಕ್ಕೆ ಬಾರೆಂದು ಹೇಳುತ್ತಾನೆ. ಮಕ್ಕಳನ್ನು ನೋಡಿಕೊಳ್ಳುವವರು ಯಾರೂ ಇಲ್ಲವೆಂದು ಆಕೆ ಬೇಡಿಕೊಂಡರೆ, ಕೆಲಸ ಹೋಗುವುದೆಂದು ಹೆದರಿಸುತ್ತಾನೆ. ಇದು ನಟರು ಆಡಿದ ಆಟ. ಇದಕ್ಕೆ ಎದುರಾಗಿ ಸರ್ಕಾರವು ಕಾನೂನನ್ನು ಹೊಗಳಲು ಕೋಟ್ಯಂತರ ಡಾಲರು ಸಾರ್ವಜನಿಕ ಹಣವನ್ನು ಸುರಿದು ಜಾಹೀರಾತು ಮಾಡಿತು. ತನ್ನ ತೆರಿಗೆಯ ಹಣದಿಂದಲೇ ತನಗೆ ಬುದ್ಧಿ ಹೇಳಿಸಿಕೊಳ್ಳುವುದು ಯಾರಿಗೂ ಹಿಡಿಸುವುದಿಲ್ಲ. 1996ರಲ್ಲಿ ಯಾವ ಕೆಲಸಗಾರನಿಗೂ ಕೂಲಿಯಲ್ಲಿ ನಷ್ಟವಾಗದೆಂದು ದೃಢವಾಗಿ ಭರವಸೆ ಕೊಟ್ಟಿದ್ದ ಹೊವಾರ್ಡರು ಈ ಸಲ ಅಂಥ ಮಾತು ಕೊಡಲು ಒಪ್ಪಲಿಲ್ಲವೆಂಬುದನ್ನೂ ಜನ ಗಮನಿಸಿದ್ದರು.

2006ರ ಡಿಸೆಂಬರಿನಲ್ಲಿ ಲೇಬರ್ ಪಕ್ಷವು ಕೆವಿನ್ ರಡ್ ಅವರನ್ನು ನಾಯಕರನ್ನಾಗಿಯೂ ಜೂಲಿಯಾ ಗಿಲಾರ್ಡ್ ಅವರನ್ನು ಉಪನಾಯಕಿಯನ್ನಾಗಿಯೂ ಆರಿಸಿಕೊಂಡಿತು. ಗಾಳಿ ತಿರುಗುತ್ತಿರುವುದನ್ನು ಕಂಡು ಸರ್ಕಾರವು 2007ರ ಮೇ ತಿಂಗಳಲ್ಲಿ ತಾನು ಕಿತ್ತುಹಾಕಿದ್ದ ಪರೀಕ್ಷೆಯನ್ನು ‘ನ್ಯಾಯಪರೀಕ್ಷೆ’ ಎಂಬ ಬೇರೊಂದು ಹೆಸರಿನಿಂದ ಮರಳಿ ತಂದಿತು. ವರ್ಷಕ್ಕೆ 75,000 ಡಾಲರಿಗಿಂತ ಕಡಿಮೆ ಸಂಪಾದಿಸುವವರಿಗೆ ಅದು ಅನ್ವಯಿಸತಕ್ಕದ್ದು. ‘ವರ್ಕ್ ಚಾಯ್ಸಸ್’ ಎಂಬ ಹೆಸರನ್ನು ಸರ್ಕಾರದವರು ಉಚ್ಚರಿಸುವುದನ್ನೇ ನಿಲ್ಲಿಸಿದರು. ಕೂಸಿನ ಹೆಸರನ್ನು ಹೆತ್ತವರೇ ಹೇಳಲು ನಾಚುವಂತಾದ ಮೇಲೆ ನೆರೆಯವರು ಸುಮ್ಮನಿರುವರೇ?

ನವೆಂಬರ್ 24ರಂದು ಚುನಾವಣೆ ನಡೆಯಿತು. 1924ರಿಂದ ಆಸ್ಟ್ರೇಲಿಯದಲ್ಲಿ ಮತದಾನ ಕಡ್ಡಾಯವೆಂಬುದನ್ನು ಇಲ್ಲಿ ನೆನೆಯಬೇಕು. ರಾಜಕೀಯದ ಗೋಜಿಗೆ ಹೋಗದ ಅಂಗಡಿಯ ಹುಡುಗನೂ ಹೋಟೆಲಿನ ಪರಿಚಾರಿಕೆಯೂ ಅಲ್ಲಿ ಓಟು ಹಾಕಲೇಬೇಕು. 150 ಸ್ಥಾನಗಳಲ್ಲಿ ಲೇಬರ್ ಪಕ್ಷಕ್ಕೆ 83, ಹೊವಾರ್ಡರ ಕೂಟಕ್ಕೆ 65 ದೊರೆತುವು. 1974ರಿಂದ ಅವರನ್ನೇ ಕಳುಹಿಸುತ್ತ ಬಂದಿದ್ದ ಸಿಡ್ನಿಯ ಬೆನೆಲಾಂಗ್ ಕ್ಷೇತ್ರವು, ದೂರದರ್ಶನದ ಪತ್ರಕರ್ತೆಯಾಗಿದ್ದ ಮ್ಯಾಕ್ಸೀನ್ ಮೆಕ್ಯೂ ಅವರನ್ನು ಆರಿಸಿತು.

ಸೋಲಿಗೆ ಈ ಕಾನೂನೊಂದೇ ಕಾರಣವೆಂದರೆ ಅತಿಮಾತಾದೀತು. ಹನ್ನೊಂದು ವರ್ಷಗಳ ಆಳ್ವಿಕೆಯಿಂದ ಜನ ಬೇಸತ್ತಿದ್ದರು. ಚುನಾವಣೆಗೆ ಹದಿನೇಳು ದಿನಗಳಿರುವಾಗ ಮೀಸಲು ಬ್ಯಾಂಕು ಬಡ್ಡಿಯ ದರವನ್ನು ಏರಿಸಿ ಮನೆಸಾಲದವರ ಹೊಟ್ಟೆಯ ಮೇಲೆ ಹೊಡೆಯಿತು. ಹವೆಯ ಬದಲಾವಣೆಯ ಬಗೆಗಿನ ಕ್ಯೋಟೊ ಒಪ್ಪಂದಕ್ಕೆ ಹೊವಾರ್ಡರು ಸಮ್ಮತಿಸಲಿಲ್ಲವೆಂಬ ಅಸಮಾಧಾನವಿದ್ದಿತು. ಅವರ ತರುವಾಯ ಯಾರು ಎಂಬ ಮನೆಯೊಳಗಿನ ಜಗಳವೂ ಇದ್ದಿತು. ಆದರೆ ಬೇಸರವೊಂದೇ ಮನುಷ್ಯನನ್ನು ಪಕ್ಷ ಬಿಡಿಸುವುದಿಲ್ಲ. ಹತ್ತು ವರ್ಷ ಹೊವಾರ್ಡರನ್ನು ನಂಬಿ ಬಂದ ಕಷ್ಟಜೀವಿಗೆ ಅವರನ್ನು ಬಿಡಲು ತನ್ನ ಮನೆಯೊಳಗಿನ ಕಾರಣವೊಂದು ಬೇಕಾಗಿದ್ದಿತು. ತನ್ನ ಮಗಳು ಶನಿವಾರ ಅಂಗಡಿಯಲ್ಲಿ ಕೆಲಸಮಾಡಿ ತರುವ ಕೂಲಿಯಲ್ಲಿ ಆ ಕಾರಣ ಅವನಿಗೆ ದೊರೆಯಿತೆಂದು ನಾನು ತಿಳಿಯುತ್ತೇನೆ. ದೇಶದಲ್ಲಿ ಸಮೃದ್ಧಿ ಇದ್ದುದರಿಂದ ಅವನ ಕೋಪ ತಣ್ಣಗಾಗಲಿಲ್ಲ. ದೇಶ ಇಷ್ಟು ಚೆನ್ನಾಗಿರುವಾಗ ತನ್ನ ಕೈಯಿಂದ ಕಿತ್ತುಕೊಳ್ಳುವ ಅಗತ್ಯವೇನಿತ್ತೆಂಬ ಪ್ರಶ್ನೆಯನ್ನು ಅದು ಮತ್ತಷ್ಟು ಹರಿತ ಮಾಡಿತು.

ಚುನಾವಣೆ ಮುಗಿದ ಮೇಲೆ, 2007ರ ಮೊದಲಲ್ಲಿ ಆ ಖಾತೆಯನ್ನು ವಹಿಸಿಕೊಂಡಿದ್ದ ಜೋ ಹಾಕಿ ಎಂಬ ಮಂತ್ರಿಗಳು ದೂರದರ್ಶನದ ಸಂದರ್ಶನದಲ್ಲಿ ಒಂದು ಮಾತನ್ನು ಒಪ್ಪಿಕೊಂಡರು. ಈ ಕಾನೂನಿನಿಂದ ಕೆಲಸಗಾರನಿಗೆ ಮೊದಲಿಗಿಂತ ನಷ್ಟವಾಗಬಹುದೆಂಬುದು ಮಂತ್ರಿಮಂಡಲದಲ್ಲಿ ಹೆಚ್ಚು ಮಂದಿಗೆ ತಿಳಿದಿರಲಿಲ್ಲವಂತೆ. ಬಟ್ಟೆಯಂಗಡಿಯ ಹೆಂಗಸಿಗೆ ಒಂದು ಕರಾರುಪತ್ರವನ್ನು ನೋಡಿದೊಡನೆ ತಿಳಿದದ್ದು ಮಂತ್ರಿಗಳಿಗೆ ತಿಳಿದಿರಲಿಲ್ಲ!

2008ನೆಯ ಮಾರ್ಚಿಯಲ್ಲಿ ಹೊಸ ಒಂಟಿ ಕರಾರುಗಳನ್ನು ನಿಲ್ಲಿಸುವ ಶಾಸನವು ಅಂಗೀಕಾರವಾಯಿತು. ಸೋತ ಪಕ್ಷವೂ ಅದಕ್ಕೆ ಅಡ್ಡಬರಲಿಲ್ಲ. 2009ರಲ್ಲಿ ‘ಫೇರ್ ವರ್ಕ್’ ಶಾಸನ ಬಂದು ಮಧ್ಯಸ್ಥನ ಸ್ಥಾನ ಮತ್ತೊಂದು ರೂಪದಲ್ಲಿ ಏರ್ಪಟ್ಟಿತು. 2010ರ ಚುನಾವಣೆಯಲ್ಲಿ ಹೊವಾರ್ಡರ ಪಕ್ಷದ ಅಂದಿನ ನಾಯಕರಾದ ಟೋನಿ ಅಬಟ್ ಅವರನ್ನು, ಹಳೆಯ ಕಾನೂನನ್ನು ಮತ್ತೆ ತರುವಿರಾ ಎಂದು ಹೋದಲ್ಲೆಲ್ಲ ಕೇಳತೊಡಗಿದರು. ಅದು ಸತ್ತಿದೆ, ಅದನ್ನು ಹೂಳಿದ್ದಾಗಿದೆ, ಸುಟ್ಟದ್ದೂ ಆಗಿದೆ ಎಂದು ಅವರು ಉತ್ತರ ಕೊಟ್ಟರು. ನಮ್ಮಲ್ಲಿ ಹೂಳುವವರು ಸುಡುವುದಿಲ್ಲ, ಸುಡುವವರು ಹೂಳುವುದಿಲ್ಲ. ಅವರು ಮಾತ್ರ ಎರಡನ್ನೂ ಮಾಡಿ ಮುಗಿಸಿದರು. ಆ ಸಲ ಅವರು ಗೆಲ್ಲಲಿಲ್ಲ. 2013ರಲ್ಲಿ ಗೆದ್ದು ಪ್ರಧಾನಿಗಳಾದ ಮೇಲೂ ಒಂಟಿ ಕರಾರಿನ ಆ ಹಳೆಯ ಕಾನೂನನ್ನು ಮರಳಿ ತರಲು ಹೋಗಲಿಲ್ಲ.